ರಿಮೋಟ್ ಒತ್ತಿದರೂ ಏನೂ ಬರುತ್ತಿಲ್ವಾ? ಐಆರ್ ರಿಸೀವರ್‌ನ ತಕರಾರು ಹುಡುಕುವ ಬಗೆ

ಮೊದಲು ರಿಸೀವರ್ ಮೇಲೆ ಬೆರಳಿಡಿ. ಬಿಸಿ ಇದೆಯಾ? ಹಾಗಿದ್ದರೆ ಯುಎಸ್‌ಬಿ ವೈರ್ ಕಿತ್ತುಬಿಡಿ, ಆಮೇಲೆ ಮುಂದೆ ಓದಿ.

ಇದನ್ನೇ ಮೊದಲು ಹೇಳುವುದಕ್ಕೆ ಕಾರಣ ಇದೆ. ಆರ್ಡುಯಿನೊ ಅನ್ನುವ ಪುಟ್ಟ ಮೈಕ್ರೊಕಂಟ್ರೋಲರ್ ಬೋರ್ಡಿಗೆ ಸೇರಿಸಿದ ಐಆರ್ (ಇನ್‌ಫ್ರಾರೆಡ್) ರಿಸೀವರ್ ಕೆಲಸ ಮಾಡುತ್ತಿಲ್ಲ ಅಂತ ಯಾರಾದರೂ ತಂದು ತೋರಿಸಿದಾಗ ನಾನು ಕೋಡ್ ನೋಡುವುದೇ ಇಲ್ಲ. ಆ ಮೂರು ಕಾಲು ನೋಡುತ್ತೇನೆ. ನಮ್ಮ ಕಾಲೇಜು ದಿನಗಳ ಪ್ರಾಜೆಕ್ಟ್ ರಿಪೋರ್ಟುಗಳಲ್ಲೆಲ್ಲ ಟಿಎಸ್‌ಒಪಿ 1738 ಅಂತ ಒಂದೇ ನಂಬರ್ ಇರುತ್ತಿತ್ತು. ಅದರ ಉಬ್ಬು ನಮ್ಮ ಕಡೆ, ಕಾಲು ಕೆಳಗೆ ಮಾಡಿ ಹಿಡಿದರೆ ಎಡದಿಂದ ಗ್ರೌಂಡ್, 5 ವೋಲ್ಟ್, ಔಟ್ (ಸಿಗ್ನಲ್ ಹೊರಬರುವ ಕಾಲು). ಆ ಭಾಗ ತಯಾರಾಗುವುದು ನಿಂತು ಎಷ್ಟೋ ಕಾಲವಾಯಿತು, ಆದರೆ ಅದರ ಸರ್ಕ್ಯೂಟ್ ಚಿತ್ರ ಮಾತ್ರ ಇನ್ನೂ ಸುತ್ತಾಡುತ್ತಲೇ ಇದೆ. ಈಗ ಸಿಗುವ ಟಿಎಸ್‌ಒಪಿ 4838, 38238, ಮತ್ತೆ ಅಗ್ಗದ ವಿಎಸ್ 1838ಬಿ ಇವುಗಳಲ್ಲಿ ಎಡದಿಂದ ಔಟ್, ಗ್ರೌಂಡ್, ವೋಲ್ಟ್. ನೋಡೋಕೆ ಎರಡೂ ಅಣ್ಣತಮ್ಮಂದಿರ ಹಾಗೆ.

ಹಳೇ ಚಿತ್ರ ನೋಡಿಕೊಂಡು ಹೊಸ ರಿಸೀವರ್ ಸಿಕ್ಕಿಸಿದರೆ ಏನಾಗುತ್ತದೆ ನೋಡಿ. ಔಟ್ ಕಾಲಿಗೆ ಗ್ರೌಂಡ್ ಹೋಯಿತು, ಗ್ರೌಂಡ್ ಕಾಲಿಗೆ 5 ವೋಲ್ಟ್ ಹೋಯಿತು. ಅಂದರೆ ಕರೆಂಟ್ ಪೂರ್ತಿ ಉಲ್ಟಾ. ನಾನು ಒಮ್ಮೆ ಅಂಗಡಿಯಲ್ಲಿ 1738 ಕೇಳಿ, ಕವರಿನಲ್ಲಿ ಕೊಟ್ಟದ್ದನ್ನು ನಂಬರ್ ನೋಡದೆ ಹಾಗೇ ಬ್ರೆಡ್‌ಬೋರ್ಡಿಗೆ ಚುಚ್ಚಿ ಬೆರಳು ಸುಟ್ಟುಕೊಂಡಿದ್ದೇನೆ. ಬಿಸಿಯಾದ ರಿಸೀವರ್ ಕೆಲವೊಮ್ಮೆ ಬದುಕುತ್ತದೆ, ಕೆಲವೊಮ್ಮೆ ಅರ್ಧ ಸಾಯುತ್ತದೆ. ಅರ್ಧ ಸತ್ತದ್ದು ಇನ್ನೂ ಕಷ್ಟ, ಒಂದು ಅಡಿ ದೂರದಿಂದ ಕೆಲಸ ಮಾಡಿ ನಮ್ಮನ್ನು ಮೂರು ದಿನ ಸುಮ್ನೆ ಓಡಾಡಿಸುತ್ತದೆ. ಎಸೆದು ಹೊಸದು ಹಾಕಿ.

ಪುಟ್ಟ ಬೋರ್ಡಿನ ಮೇಲೆ ಕೂರಿಸಿರುವ ಕೆವೈ 022 ಮಾಡ್ಯೂಲ್ ತಂದಿದ್ದರೆ ಅದರ ಪಿನ್‌ಗಳ ಸಾಲೇ ಬೇರೆ. ಮಧ್ಯದ್ದು ವೋಲ್ಟ್, ಎಸ್ ಅಂತ ಬರೆದದ್ದು ಸಿಗ್ನಲ್, ಮೈನಸ್ ಗುರುತಿನದು ಗ್ರೌಂಡ್. ಅಚ್ಚಿನ ಮೇಲೂ ಪೂರ್ತಿ ನಂಬಿಕೆ ಬೇಡ. ಮೀಟರನ್ನು ಬೀಪ್ ಮೋಡಿಗೆ ಹಾಕಿ, ರಿಸೀವರಿನ ಕಾಲಿಂದ ಮಾಡ್ಯೂಲಿನ ಪಿನ್ನಿಗೆ ಒಂದೊಂದಾಗಿ ಮುಟ್ಟಿಸಿ ನೋಡಿ, ಎರಡು ನಿಮಿಷದ ಕೆಲಸ.

ಕಾಲು ಸರಿ ಇದೆ, ಬಿಸಿ ಇಲ್ಲ, ಆದರೂ ಏನೂ ಬರುತ್ತಿಲ್ಲ ಅಂದರೆ ಈ ವಸ್ತು ಮಾಡುವುದಾದರೂ ಏನು ಅಂತ ಸ್ವಲ್ಪ ತಿಳಿಯಬೇಕು. ಹೆಸರು ರಿಸೀವರ್ ಅಂತಿದ್ದರೂ ಇದರ ಹೆಚ್ಚಿನ ಕೆಲಸ ಬೇಡದ್ದನ್ನು ತಳ್ಳಿಹಾಕುವುದು. ಬಿಸಿಲಲ್ಲಿ ಇನ್‌ಫ್ರಾರೆಡ್ ಇದೆ, ಹಳೇ ಬುರುಡೆ ಬಲ್ಬಿನಲ್ಲಿದೆ, ಒಲೆಯಲ್ಲಿದೆ. ಅದೆಲ್ಲದರ ನಡುವೆ ಅಷ್ಟು ದೂರದ ಒಂದು ಪುಟ್ಟ ಎಲ್‌ಇಡಿಯನ್ನು ಗುರುತಿಸಬೇಕಲ್ಲ. ಅದಕ್ಕೇ ರಿಮೋಟು ತನ್ನ ಬೆಳಕನ್ನು ಸೆಕೆಂಡಿಗೆ 38,000 ಸಲ ಮಿಣುಕಿಸುತ್ತದೆ. ರಿಸೀವರ್ ಒಳಗಿನ ಫಿಲ್ಟರ್ ಆ 38 ಕಿಲೋಹರ್ಟ್ಸ್ ಆಸುಪಾಸಿನದನ್ನು ಮಾತ್ರ ಬಿಡುತ್ತದೆ. ಮೆಜೆಸ್ಟಿಕ್ ಬಸ್‌ಸ್ಟ್ಯಾಂಡಿನ ಗದ್ದಲದಲ್ಲೂ ನಿಮ್ಮ ಊರಿನ ಹೆಸರು ಕೂಗುವ ಕಂಡಕ್ಟರ್ ದನಿ ಥಟ್ಟನೆ ಕಿವಿಗೆ ಬೀಳುತ್ತದಲ್ವಾ, ಹಾಗೆ. ಆದರೆ ಅವನು ಉಸಿರು ಬಿಡದೆ ಒಂದೇ ಸಮನೆ ಕೂಗುತ್ತಲೇ ಇದ್ದರೆ ಸ್ವಲ್ಪ ಹೊತ್ತಿಗೆ ಅದೂ ಗದ್ದಲದಲ್ಲಿ ಸೇರಿಹೋಗುತ್ತದೆ. ರಿಸೀವರಿನದೂ ಅದೇ ಸ್ವಭಾವ. ಒಳಗೊಂದು ತಾನೇ ತಾನಾಗಿ ಗೇನ್ (ಸಿಗ್ನಲ್ಲನ್ನು ಎಷ್ಟು ದೊಡ್ಡದು ಮಾಡಬೇಕು ಅನ್ನುವುದು) ಏರಿಸಿ ಇಳಿಸುವ ಸರ್ಕ್ಯೂಟ್ ಇದೆ, ಸಿಗ್ನಲ್ ಬಿಡುವಿಲ್ಲದೆ ಬರುತ್ತಿದ್ದರೆ ಇದು ಯಾವುದೋ ಟ್ಯೂಬ್‌ಲೈಟಿನ ಕಾಟ ಅಂದುಕೊಂಡು ಕಿವಿ ಮುಚ್ಚಿಕೊಳ್ಳುತ್ತದೆ.

ಇಷ್ಟು ಗೊತ್ತಾದರೆ ಅರ್ಧ ಪ್ರಶ್ನೆಗಳು ಅಲ್ಲೇ ಬಗೆಹರಿಯುತ್ತವೆ. ಐಆರ್ ಎಲ್‌ಇಡಿಗೆ ನೇರ ಬ್ಯಾಟರಿ ಕೊಟ್ಟು ರಿಸೀವರ್ ಮುಂದೆ ಹಿಡಿದರೆ ಏನೂ ಆಗುವುದಿಲ್ಲ, ಆಗಬಾರದು ಕೂಡ. 38 ಕಿಲೋಹರ್ಟ್ಸ್ ಮಿಣುಕನ್ನು ನಿಲ್ಲಿಸದೆ ಕೊಟ್ಟು, ಅಡ್ಡ ಯಾರಾದರೂ ಬಂದರೆ ಗೊತ್ತಾಗಲಿ ಅಂತ ಬಾಗಿಲ ಅಲಾರಂ ಮಾಡಿದರೆ ಮೊದಲ ಕ್ಷಣ ಕೆಲಸ ಮಾಡಿ ಆಮೇಲೆ ಸುಮ್ಮನಾಗುತ್ತದೆ. ಭಾಗ ಕೆಟ್ಟಿಲ್ಲ, ಅದು ಮಾಡಬೇಕಾದ್ದನ್ನೇ ಮಾಡುತ್ತಿದೆ. ಮಿಣುಕನ್ನು ತುಂಡು ತುಂಡಾಗಿ, ನಡುವೆ ಬಿಡುವು ಕೊಟ್ಟು ಕಳಿಸಬೇಕು. ಇನ್ನೊಂದು, ಎರಡೇ ಕಾಲಿನ ಕಪ್ಪು ಎಲ್‌ಇಡಿ ಥರದ್ದು ತಂದಿದ್ದರೆ ಅದು ಬರೀ ಫೋಟೊಡಯೋಡ್. ಅದರ ಒಳಗೆ ಫಿಲ್ಟರೂ ಇಲ್ಲ, ಏನೂ ಇಲ್ಲ. ಅದಕ್ಕೆ ರಿಮೋಟ್ ಒತ್ತಿ ಕೋಡ್ ಕಾಯುತ್ತಾ ಕೂರಬೇಡಿ.

ಈಗ ರಿಮೋಟನ್ನು ನೋಡೋಣ. ಮೊಬೈಲ್ ಕ್ಯಾಮೆರಾ ತೆರೆದು ರಿಮೋಟಿನ ಮೂತಿ ಕಡೆ ಹಿಡಿದು ಬಟನ್ ಒತ್ತಿ. ನೇರಳೆ ಬಣ್ಣದ ಮಿಣುಕು ಕಾಣಬೇಕು. ಕಾಣಲಿಲ್ಲ ಅಂತ ತಕ್ಷಣ ಸೆಲ್ ಬದಲಿಸಬೇಡಿ, ಸೆಲ್ಫಿ ಕ್ಯಾಮೆರಾದಲ್ಲೂ ಒಮ್ಮೆ ನೋಡಿ. ಎಷ್ಟೋ ಫೋನುಗಳ ಹಿಂದಿನ ಕ್ಯಾಮೆರಾದಲ್ಲಿ ಐಆರ್ ತಡೆಯುವ ಗಾಜು ಇರುತ್ತದೆ. ಮಿಣುಕು ಕಂಡರೆ ರಿಮೋಟಿಗೆ ಜೀವ ಇದೆ ಅಂತಷ್ಟೇ ಅರ್ಥ, 38 ಕಿಲೋಹರ್ಟ್ಸಿನಲ್ಲೇ ಮಿಣುಕುತ್ತಿದೆ ಅಂತ ಅಲ್ಲ. ಆರ್‌ಸಿ5 ಅನ್ನುವ ಕೋಡ್ ಪದ್ಧತಿಯ ಹಳೇ ಫಿಲಿಪ್ಸ್ ರಿಮೋಟುಗಳದ್ದು 36, ಸೋನಿಯದ್ದು 40. ಇವೆರಡೂ 38ರ ರಿಸೀವರಿಗೆ ಹತ್ತಿರದಿಂದ ಕೇಳಿಸುತ್ತವೆ, ದೂರ ಮಾತ್ರ ಕಡಿಮೆಯಾಗುತ್ತದೆ. ಬ್ಯಾಂಗ್ ಅಂಡ್ ಒಲುಫ್‌ಸೆನ್ ಅನ್ನುವ ದುಬಾರಿ ಆಡಿಯೊ ಕಂಪನಿಯ ರಿಮೋಟುಗಳು 455 ಕಿಲೋಹರ್ಟ್ಸ್ ಬಳಸುತ್ತವೆ, ಅವು ಇದಕ್ಕೆ ಎಷ್ಟು ಹತ್ತಿರ ತಂದರೂ ಕೇಳಿಸುವುದಿಲ್ಲ. ನಮ್ಮ ಮನೆಗಳಲ್ಲಿ ಅದು ಎದುರಾಗುವುದು ಅಪರೂಪ ಬಿಡಿ.

ರಿಮೋಟ್ ಸರಿ ಇದೆ ಅಂತಾದ ಮೇಲೆ ನಾನು ಮಾಡುವ ಪರೀಕ್ಷೆ ಒಂದೇ. ಬಹಳ ಸಲ ಉಳಿದೆಲ್ಲದರ ಅಗತ್ಯವೇ ಬೀಳುವುದಿಲ್ಲ. ಔಟ್ ಕಾಲಿನಿಂದ ಮೈಕ್ರೊಕಂಟ್ರೋಲರಿಗೆ ಹೋಗುವ ವೈರನ್ನು ಕಿತ್ತುಹಾಕಿ. ಒಂದು ಕೆಂಪು ಎಲ್‌ಇಡಿ ತಗೊಂಡು, ಅದರ ಉದ್ದ ಕಾಲನ್ನು 1 ಕೆ ರೆಸಿಸ್ಟರ್ ಮೂಲಕ 5 ವೋಲ್ಟಿಗೆ, ಗಿಡ್ಡ ಕಾಲನ್ನು ರಿಸೀವರಿನ ಔಟ್‌ಗೆ ಕೊಡಿ. ಗ್ರೌಂಡಿಗೆ ಅಲ್ಲ, ಗಮನಿಸಿ. ರಿಸೀವರಿನ ಔಟ್ ಸುಮ್ಮನಿದ್ದಾಗ ಹೈ ಇರುತ್ತದೆ, ಸಿಗ್ನಲ್ ಬಂದಾಗ ಲೋ ಆಗುತ್ತದೆ. ಅದಕ್ಕೇ ಎಲ್‌ಇಡಿಯನ್ನು ಮೇಲಿನಿಂದ ಕಟ್ಟುವುದು. ಹರಿಯುವುದು 3 ಮಿಲಿಆಂಪ್, ರಿಸೀವರ್ ತಡೆದುಕೊಳ್ಳುತ್ತದೆ. ಈಗ ರಿಮೋಟ್ ಒತ್ತಿ. ಎಲ್‌ಇಡಿ ಪಟಪಟ ಮಿನುಗಿದರೆ ಬೆಳಕಿನಿಂದ ಔಟ್ ಕಾಲಿನವರೆಗೆ ಎಲ್ಲ ಸರಿ ಇದೆ, ತಪ್ಪು ಬೋರ್ಡಿನಲ್ಲಿ ಇಲ್ಲವೇ ಕೋಡಿನಲ್ಲಿ. ಮಿನುಗಲಿಲ್ಲ ಅಂದರೆ ಕೋಡನ್ನು ಎಷ್ಟು ತಿದ್ದಿದರೂ ಪ್ರಯೋಜನ ಇಲ್ಲ, ಲ್ಯಾಪ್‌ಟಾಪ್ ಮುಚ್ಚಿ.

ಎಲ್‌ಇಡಿ ಕೈಗೆ ಸಿಗದಿದ್ದರೆ ಮೀಟರ್ ಸಾಕು. ಸುಮ್ಮನಿದ್ದಾಗ ಔಟ್‌ನಲ್ಲಿ 5ಕ್ಕೆ ಹತ್ತಿರದ ವೋಲ್ಟ್ ಇರಬೇಕು. ಬಟನ್ ಒತ್ತಿ ಹಿಡಿದರೆ ಅದು ಸೊನ್ನೆಗೆ ಬೀಳುತ್ತದೆ ಅಂತ ಕಾಯಬೇಡಿ, 4.5ರ ಸುತ್ತಮುತ್ತ ಅಲುಗಾಡುತ್ತದೆ ಅಷ್ಟೆ. ಯಾಕೆಂದರೆ ಮೀಟರ್ ತೋರಿಸುವುದು ಸರಾಸರಿ. ಎನ್‌ಇಸಿ ಅನ್ನುವ ಕೋಡ್ ಪದ್ಧತಿಯ ರಿಮೋಟಿನ ಬಟನ್ ಒತ್ತಿಯೇ ಇದ್ದರೆ 108 ಮಿಲಿಸೆಕೆಂಡಿಗೊಮ್ಮೆ ಹತ್ತು ಮಿಲಿಸೆಕೆಂಡೂ ಪೂರ್ತಿ ಇಲ್ಲದಷ್ಟು ಹೊತ್ತು ಲೋ ಆಗುತ್ತದೆ, ಉಳಿದ ಹೊತ್ತೆಲ್ಲ ಹೈ. ಸುಮ್ಮನಿದ್ದಾಗಲೇ ಸೊನ್ನೆ ತೋರಿಸಿದರೆ ಕಾಲು ತಪ್ಪಿದೆ ಅಥವಾ ರಿಸೀವರ್ ಹೋಗಿದೆ.

ಎಲ್‌ಇಡಿ ಮಿನುಗದಿದ್ದರೆ ಅಥವಾ ರಿಮೋಟ್ ಮುಟ್ಟದೆಯೂ ತಾನೇ ಮಿನುಗುತ್ತಿದ್ದರೆ ಎರಡು ಕಡೆ ನೋಡಬೇಕು, ಬೆಳಕು ಮತ್ತು ಕರೆಂಟ್. ಬೆಳಕಿನದು ಸುಲಭ. ಟೇಬಲ್ಲಿಗೆ ನೇರ ಬಿಸಿಲು ಬೀಳುತ್ತಿದ್ದರೆ ಕಿಟಕಿ ಪರದೆ ಎಳೆಯಿರಿ. ಸಿಎಫ್‌ಎಲ್ ಅಥವಾ ಎಲೆಕ್ಟ್ರಾನಿಕ್ ಚೋಕ್ ಇರುವ ಟ್ಯೂಬ್‌ಲೈಟ್ ಇದ್ದರೆ ಆರಿಸಿ ನೋಡಿ, ಅವುಗಳ ಒಳಗಿನ ಸರ್ಕ್ಯೂಟ್ ಹತ್ತಾರು ಕಿಲೋಹರ್ಟ್ಸಿನಲ್ಲಿ ಓಡುತ್ತದೆ, ಬೆಳಕೂ ಅದೇ ತಾಳಕ್ಕೆ ನಡುಗುತ್ತದೆ. ಕರೆಂಟಿನದು ಮಾತ್ರ ಅಷ್ಟು ಬೇಗ ಸಿಕ್ಕಿಬೀಳುವುದಿಲ್ಲ. ನನಗೆ ಅದರ ಪಾಠ ಆಗಿದ್ದು ಅಮ್ಮನ ರೂಮಿನ ಫ್ಯಾನಿನಿಂದ.

ಅಮ್ಮನಿಗೆ ಮಂಡಿನೋವು. ರಾತ್ರಿ ಫ್ಯಾನ್ ಆರಿಸೋಕೆ ಎದ್ದೇಳಬಾರದು ಅಂತ ಒಂದು ರಿಲೇ, ಒಂದು ಆರ್ಡುಯಿನೊ ನ್ಯಾನೊ, ಒಂದು 38238 ಹಾಕಿ ರಿಮೋಟ್ ಸ್ವಿಚ್ ಮಾಡಿದೆ. ಟೇಬಲ್ ಮೇಲೆ ಲ್ಯಾಪ್‌ಟಾಪಿನ ಯುಎಸ್‌ಬಿಯಲ್ಲಿ ಇಟ್ಟಾಗ ಹಾಲಿನ ಆ ತುದಿಯಿಂದಲೂ ಹಿಡಿಯುತ್ತಿತ್ತು. ಸ್ವಿಚ್‌ಬೋರ್ಡಿನೊಳಗೆ ಕೂರಿಸಿದ ಮೇಲೆ ಒಂದು ಅಡಿ ಹತ್ತಿರ ಹೋಗಿ ಒತ್ತಬೇಕು. "ಅಷ್ಟು ಹತ್ತಿರ ಬರೋದಾದ್ರೆ ಸ್ವಿಚ್ಚೇ ಒತ್ತಬಹುದಲ್ಲೋ" ಅಂದಳು ಅಮ್ಮ. ಅದೂ ಸಾಲದು ಅಂತ ರಿಲೇ ಟಕ್ ಅಂದಾಗಲೆಲ್ಲ ಯಾರೂ ಒತ್ತದ ಕೋಡು ಒಂದು ಬರುತ್ತಿತ್ತು. ನಾನು ಒಂದು ವಾರ ಪ್ರೋಗ್ರಾಂನಲ್ಲಿ ತಪ್ಪು ಹುಡುಕಿದೆ, ಅದು ಟೇಬಲ್ ಮೇಲೆ ಸರಿಯಾಗೇ ಓಡಿತ್ತು ಅನ್ನುವುದನ್ನೇ ಮರೆತು.

ಬದಲಾಗಿದ್ದು ಒಂದೇ, ಸಪ್ಲೈ. ಯುಎಸ್‌ಬಿ ಬದಲು 230 ವೋಲ್ಟಿನಿಂದ 5 ವೋಲ್ಟ್ ಮಾಡುವ ಬೆಂಕಿಪೊಟ್ಟಣದಷ್ಟಿನ ಎಸ್‌ಎಂಪಿಎಸ್ ಹಾಕಿದ್ದೆ. ಮೀಟರಿನಲ್ಲಿ ನೋಡಿದರೆ 5 ವೋಲ್ಟ್ ಸರಿಯಾಗೇ ಇತ್ತು. ಆದರೆ ಆ 5 ವೋಲ್ಟಿನ ಮೇಲೆ ಸಣ್ಣ ಸಣ್ಣ ಅಲೆಗಳಿರುತ್ತವೆ, ಮೀಟರಿಗೆ ಅವು ಕಾಣುವುದಿಲ್ಲ. ರಿಸೀವರಿನೊಳಗಿನ ಆಂಪ್ಲಿಫೈಯರಿಗೆ ಕಾಣುತ್ತವೆ. ಅದು ಬಹಳ ಸಣ್ಣ ಸಿಗ್ನಲ್ಲನ್ನು ದೊಡ್ಡದು ಮಾಡುವ ಯಂತ್ರ, ತನ್ನ ಊಟದಲ್ಲೇ ಕಲ್ಲು ಸಿಕ್ಕರೆ ಅದನ್ನೂ ದೊಡ್ಡದು ಮಾಡುತ್ತದೆ, ಮತ್ತೆ ಆ ಗದ್ದಲ ತಡೆಯಲಾರದೆ ತನ್ನ ಗೇನನ್ನೂ ಇಳಿಸಿಕೊಳ್ಳುತ್ತದೆ. ದೂರ ಕಡಿಮೆ ಆಗಿದ್ದು, ಸುಳ್ಳು ಕೋಡು ಬಂದದ್ದು ಎರಡಕ್ಕೂ ಇದೇ ಕಾರಣ. 5 ವೋಲ್ಟ್ ವೈರಿಗೂ ರಿಸೀವರಿನ ವೋಲ್ಟ್ ಕಾಲಿಗೂ ನಡುವೆ 100 ಓಮ್ ರೆಸಿಸ್ಟರ್ ಒಂದು, ಅದೇ ಕಾಲಿಗೂ ಗ್ರೌಂಡಿಗೂ ನಡುವೆ 10 ಮೈಕ್ರೊಫ್ಯಾರಡ್ ಕೆಪಾಸಿಟರ್ ಒಂದು ಹಾಕಿದೆ. ಕೆಪಾಸಿಟರನ್ನು ರಿಸೀವರ್ ಕಾಲಿಗೆ ಅಂಟಿಸಿದ ಹಾಗೆ ಹಾಕಬೇಕು, ನಾಲ್ಕಿಂಚು ದೂರ ಹಾಕಿದರೆ ಹಾಕಿಯೂ ಹಾಕದ ಹಾಗೆ. ಡೇಟಾಶೀಟಿನಲ್ಲಿ ಈ ಥರದ ಆರ್‌ಸಿ ಫಿಲ್ಟರ್ ಚಿತ್ರ ಮೊದಲಿನಿಂದಲೂ ಇದೆ, ನಾವು ನೋಡುವುದಿಲ್ಲ ಅಷ್ಟೆ. ಇಷ್ಟು ಮಾಡಿದ ಮೇಲೆ ಮಂಚದಿಂದ ಕೆಲಸ ಮಾಡತೊಡಗಿತು. ಮತ್ತೆ ಪ್ಲೇಟಿನ ಪ್ಲಾಸ್ಟಿಕ್ ಹಿಂದೆ ಬಚ್ಚಿಟ್ಟಿದ್ದ ರಿಸೀವರಿಗೆ ಒಂದು ತೂತು ಕೊರೆದು ಮೂತಿ ಹೊರಗೆ ಕಾಣುವ ಹಾಗೆ ಮಾಡಿದೆ, ಅದರಿಂದಲೂ ಸ್ವಲ್ಪ ದೂರ ಸಿಕ್ಕಿತು. (230 ವೋಲ್ಟ್ ಜೋಡಿಸಿರುವಾಗ ಯುಎಸ್‌ಬಿ ವೈರ್ ಸಿಕ್ಕಿಸಿ ಪರೀಕ್ಷೆ ಮಾಡುವ ಸಾಹಸ ಬೇಡ. ಅದರಲ್ಲೂ ಟ್ರಾನ್ಸ್‌ಫಾರ್ಮರ್ ಇಲ್ಲದ ಕೆಪಾಸಿಟರ್ ಸಪ್ಲೈ ಆಗಿದ್ದರೆ ಲ್ಯಾಪ್‌ಟಾಪೂ ಹೋಗುತ್ತದೆ, ಕೈಯೂ ಹೋಗುತ್ತದೆ.)

ವೋಲ್ಟೇಜ್ ಬಗ್ಗೆ ಒಂದು ಮಾತು. ಹಳೇ 1738ಕ್ಕೆ ಕನಿಷ್ಠ 4.5 ವೋಲ್ಟ್ ಬೇಕು, ಅದನ್ನು ಇಎಸ್‌ಪಿ 32 ಮೈಕ್ರೊಕಂಟ್ರೋಲರ್ ಬೋರ್ಡಿನ 3.3 ವೋಲ್ಟಿಗೆ ಕಟ್ಟಿದರೆ ಮನಸ್ಸಿದ್ದರೆ ಮಾರ್ಗ ಅನ್ನುವ ಹಾಗೆ ನಡೆದುಕೊಳ್ಳುತ್ತದೆ. 5 ವೋಲ್ಟ್ ಕೊಟ್ಟರೆ ಔಟ್‌ನಲ್ಲೂ 5 ಬರುತ್ತದೆ, ಇಎಸ್‌ಪಿಯ ಪಿನ್ನುಗಳು ಅದಕ್ಕೆ ಮಾಡಿದ್ದಲ್ಲ. 38238 ಎರಡೂವರೆ ವೋಲ್ಟಿನಿಂದಲೇ ಓಡುತ್ತದೆ, ಅದನ್ನೇ ಹಾಕಿ.

ಇನ್ನು ಎಲ್‌ಇಡಿ ಚೆನ್ನಾಗಿ ಮಿನುಗಿತು, ಆದರೆ ಸೀರಿಯಲ್ ಮಾನಿಟರಿನಲ್ಲಿ (ಬೋರ್ಡ್ ಕಳಿಸುವ ಅಕ್ಷರಗಳನ್ನು ಲ್ಯಾಪ್‌ಟಾಪಿನಲ್ಲಿ ತೋರಿಸುವ ಕಿಟಕಿ) ಏನೂ ಇಲ್ಲ ಅನ್ನುವವರ ಕಡೆ ಬರೋಣ. ಏನೂ ಇಲ್ಲ ಅನ್ನುವುದಕ್ಕೂ ಅರ್ಥವಾಗದ ಅಕ್ಷರ ಬರುತ್ತಿದೆ ಅನ್ನುವುದಕ್ಕೂ ವ್ಯತ್ಯಾಸ ಇದೆ. ಅಡ್ಡಾದಿಡ್ಡಿ ಅಕ್ಷರ ಬಂದರೆ ಅದು ರಿಮೋಟಿನದಲ್ಲ, ಬಾಡ್ ರೇಟಿನದು (ಅಕ್ಷರ ಕಳಿಸುವ ವೇಗ), ಕೋಡಿನಲ್ಲಿ 115200 ಇದ್ದು ಮಾನಿಟರ್ 9600ರಲ್ಲಿರುತ್ತದೆ. ಪಿನ್ ನಂಬರ್ ನೋಡಿ. ನೋಡ್‌ಎಂಸಿಯು ಬೋರ್ಡಿನಲ್ಲಿ ಡಿ5 ಅಂತ ಅಚ್ಚಾಗಿರುವುದು ಚಿಪ್ಪಿನ ಲೆಕ್ಕದಲ್ಲಿ 14. ಕೋಡಿನಲ್ಲಿ ಸುಮ್ನೆ 5 ಅಂತ ಬರೆದರೆ ಅದು ಡಿ1ಕ್ಕೆ ಹೋಗುತ್ತದೆ. ಅದೇ ಬೋರ್ಡಿನ ಡಿ8 ಬಳಸಲೇಬೇಡಿ. ಅಲ್ಲಿ ಪಿನ್ನನ್ನು ಗ್ರೌಂಡಿಗೆ ಎಳೆಯುವ ರೆಸಿಸ್ಟರನ್ನು ಬೋರ್ಡ್ ಮಾಡಿದವರೇ ಹಾಕಿರುತ್ತಾರೆ, 10 ಕೆ ಆಸುಪಾಸಿನದು. ರಿಸೀವರಿನೊಳಗೆ ಮೇಲಕ್ಕೆ ಎಳೆಯುವ ರೆಸಿಸ್ಟರ್ 30 ಕೆ ಸುಮಾರಿನದು. ಈ ಹಗ್ಗಜಗ್ಗಾಟದಲ್ಲಿ ಗ್ರೌಂಡ್ ಗೆಲ್ಲುತ್ತದೆ, ಔಟ್ ಯಾವತ್ತೂ ಹೈ ಆಗುವುದೇ ಇಲ್ಲ.

ಆಮೇಲೆ ಲೈಬ್ರರಿ, ಅಂದರೆ ರಿಮೋಟಿನ ಕೋಡ್ ಬಿಡಿಸೋಕೆ ಮೊದಲೇ ಬರೆದಿಟ್ಟ ಪ್ರೋಗ್ರಾಂ. ಐಆರ್‌ರಿಮೋಟ್ ಲೈಬ್ರರಿಯನ್ನು ಕೆನ್ ಶಿರಿಫ್ 2009ರಲ್ಲಿ ಬರೆದದ್ದು. ಈಚಿನ ಆವೃತ್ತಿಗಳಲ್ಲಿ ಅದರ ಬಳಕೆಯ ರೀತಿಯೇ ಬದಲಾಗಿದೆ. ಹಳೇ ವಿಡಿಯೊ ನೋಡಿ ಕೋಡ್ ಬರೆದು ಹೊಸ ಲೈಬ್ರರಿ ಹಾಕಿಕೊಂಡರೆ ಎಷ್ಟೋ ಸಲ ಕಂಪೈಲ್ ಆಗುವುದಿಲ್ಲ, ಕಂಪೈಲ್ ಆದರೂ ಬಟನ್ನಿನ ನಂಬರ್ ಹೊಂದುವುದಿಲ್ಲ. ಕಿಟ್‌ಗಳ ಜೊತೆ ಬರುವ 21 ಬಟನ್ನಿನ ಬಿಳಿ ಕಾರ್ಡ್ ರಿಮೋಟ್ ತಗೊಳ್ಳಿ. ಅದರ ಮೊದಲ ಬಟನ್ ಹೆಕ್ಸ್ (ಹದಿನಾರರ) ಲೆಕ್ಕದಲ್ಲಿ ಹಳೇ ಲೈಬ್ರರಿಯಲ್ಲಿ 00 ಎಫ್‌ಎಫ್ ಎ2 5ಡಿ, ಹೊಸದರಲ್ಲಿ ಬರೀ 45. ರಿಮೋಟ್ ಬದಲಾಗಿಲ್ಲ. ಎ2 ಅಂದರೆ ಬಿಟ್ಟುಗಳಲ್ಲಿ 10100010. ಅದನ್ನೇ ಹಿಂದಿನಿಂದ ಓದಿ, 01000101, ಅದು 45. ರಿಮೋಟು ಕಿರಿಯ ಬಿಟ್ಟನ್ನು ಮೊದಲು ಕಳಿಸುತ್ತದೆ, ಹಳಬರು ಅದನ್ನು ಬಂದ ಕ್ರಮದಲ್ಲೇ ಬರೆದಿಡುತ್ತಿದ್ದರು, ಹೊಸಬರು ತಿರುಗಿಸಿ ಬರೆಯುತ್ತಾರೆ. ಇನ್ನು 5ಡಿ ಯಾಕೆ ಅಂದರೆ ಅದು ಎ2ನ ತದ್ವಿರುದ್ಧ, ಒಂದಿದ್ದಲ್ಲಿ ಸೊನ್ನೆ, ಸೊನ್ನೆ ಇದ್ದಲ್ಲಿ ಒಂದು. ದಾರಿಯಲ್ಲಿ ಏನಾದರೂ ಕೆಟ್ಟರೆ ಗೊತ್ತಾಗಲಿ ಅಂತ ಎರಡೆರಡು ಸಲ ಹೇಳುವುದು.

ಒಂದೇ ಒಂದು ಸಲ ಬಂದು ಆಮೇಲೆ ನಿಂತುಹೋಯಿತಾ? ಡಿಕೋಡ್ ಆದ ಮೇಲೆ ರೆಸ್ಯೂಮ್ ಕರೆಯೋದು ಮರೆತಿದ್ದೀರಿ. ಲೈಬ್ರರಿ ಒಂದು ಕೋಡ್ ಹಿಡಿದುಕೊಂಡು ನೀವು ತಗೊಳ್ಳಲಿ ಅಂತ ಕಾಯುತ್ತಾ ನಿಂತಿರುತ್ತದೆ.

ಬೇರೆ ಕೆಲಸಗಳ ಜೊತೆ ಸೇರಿಸಿದಾಗ ಮಾತ್ರ ಕೆಡುತ್ತದೆ ಅಂದರೆ ಅದು ಸಮಯದ ಜಗಳ. ಉನೊ ಬೋರ್ಡಿನಲ್ಲಿ ಈ ಲೈಬ್ರರಿ ಟೈಮರ್ 2ನ್ನು ತನ್ನದು ಮಾಡಿಕೊಳ್ಳುತ್ತದೆ. ಹಾಗಾಗಿ 3 ಮತ್ತು 11ನೇ ಪಿನ್ನಿನ ಪಿಡಬ್ಲ್ಯುಎಂ (ಬೆಳಕು, ವೇಗ ಹೆಚ್ಚು ಕಡಿಮೆ ಮಾಡುವ ಮಿಣುಕು) ನಿಲ್ಲುತ್ತದೆ. ಬಝರಿಗೆ ಟೋನ್ ಫಂಕ್ಷನ್ ಹಾಕಿದರೆ ಅದಕ್ಕೂ ಅದೇ ಟೈಮರ್ ಬೇಕು, ವೆಕ್ಟರ್ 7 ಎರಡು ಸಲ ಇದೆ ಅಂತ ಕಂಪೈಲರ್ ಬೈಯುತ್ತದೆ. ಇದಾದರೂ ಬೈದು ಹೇಳುತ್ತದೆ, ಬಣ್ಣದ ಎಲ್‌ಇಡಿಗಳ ನಿಯೊಪಿಕ್ಸೆಲ್ ಪಟ್ಟಿ ಹೇಳದೆಯೇ ಕೆಡಿಸುತ್ತದೆ. ಒಂದೊಂದು ಎಲ್‌ಇಡಿಗೆ ಬಣ್ಣ ಕಳಿಸೋಕೆ 30 ಮೈಕ್ರೊಸೆಕೆಂಡ್, ಆ ಹೊತ್ತಿನಲ್ಲಿ ಇಂಟರಪ್ಟ್ (ನಡುವೆ ಕೆಲಸ ನಿಲ್ಲಿಸಿ ಬೇರೆಯದನ್ನು ಗಮನಿಸುವ ವ್ಯವಸ್ಥೆ) ಎಲ್ಲ ಬಂದ್. 60 ಎಲ್‌ಇಡಿ ಇದ್ದರೆ 1.8 ಮಿಲಿಸೆಕೆಂಡ್ ನಿಮ್ಮ ಆರ್ಡುಯಿನೊ ಕಿವುಡು. ಎನ್‌ಇಸಿಯ ಒಂದು ಪಲ್ಸ್ ಅರ್ಧ ಮಿಲಿಸೆಕೆಂಡಿಗಿಂತ ಸ್ವಲ್ಪ ಜಾಸ್ತಿ, ಆ ಲೆಕ್ಕದಲ್ಲಿ ಮೂರು ಪಲ್ಸ್ ಕಣ್ಮರೆ. ಮೂರೇನು, ಒಂದು ಹೋದರೂ ಕೋಡ್ ಹಾಳು. ರಿಸೀವರ್ ಸುಮ್ಮನಿದೆಯಾ ಅಂತ ಕೇಳುವ ಐಡಲ್ ಫಂಕ್ಷನ್ ಲೈಬ್ರರಿಯಲ್ಲೇ ಇದೆ, ಅದು ಹೌದು ಅಂದಾಗ ಮಾತ್ರ ಬಣ್ಣ ಬದಲಿಸಿ.

ಯಾವುದರಿಂದಲೂ ಗೊತ್ತಾಗದಿದ್ದರೆ ಕಚ್ಚಾ ಅಂಕಿಗಳನ್ನು ಪ್ರಿಂಟ್ ಮಾಡಿಸಿ. ಲೈಬ್ರರಿಯ ಉದಾಹರಣೆಗಳಲ್ಲಿ ಡಂಪ್ ಅನ್ನುವ ಹೆಸರಿನದು ಇದೆ. ಎನ್‌ಇಸಿ ಆದರೆ ಮೊದಲು 9000 ಮೈಕ್ರೊಸೆಕೆಂಡ್ ಸಿಗ್ನಲ್, 4500 ಬಿಡುವು. ಆಮೇಲೆ 32 ಬಿಟ್ಟುಗಳು, ಎಲ್ಲದರ ಶುರುವಿನಲ್ಲೂ 560ರ ಒಂದು ಪಲ್ಸ್, ಅದರ ನಂತರದ ಬಿಡುವು 560 ಇದ್ದರೆ ಸೊನ್ನೆ, 1690ರ ಹತ್ತಿರ ಇದ್ದರೆ ಒಂದು. ನಿಮ್ಮ ಪರದೆಯಲ್ಲಿ ಪಲ್ಸ್ 600, ಬಿಡುವು 520 ಅಂತ ಕಂಡರೆ ಗಾಬರಿ ಬೇಡ, ರಿಸೀವರ್ ಪಲ್ಸನ್ನು ಸ್ವಲ್ಪ ಎಳೆದು ಉದ್ದ ಮಾಡುತ್ತದೆ, ಅಷ್ಟೇ ಬಿಡುವು ಗಿಡ್ಡವಾಗುತ್ತದೆ. ಬರೀ 9000, 2250, 560 ಇಷ್ಟೇ ಬಂದರೆ ಅದು ಬಟನ್ ಇನ್ನೂ ಒತ್ತಿಯೇ ಇದೆ ಅನ್ನುವ ರಿಪೀಟ್, ಅಂದರೆ ಅಸಲಿ ಕೋಡ್ ಬಂದಾಗ ನಿಮ್ಮ ಪ್ರೋಗ್ರಾಂ ಎಲ್ಲೋ ಡಿಲೇಯಲ್ಲಿ ನಿದ್ದೆ ಹೊಡೆಯುತ್ತಿತ್ತು. ಆ 9000 ಮುರಿದು ಚೂರುಚೂರಾಗಿ ಬಂದರೆ ಮತ್ತೆ ಸಪ್ಲೈ ಕಡೆ ಹೋಗಿ. ಅಂಕಿಗಳೆಲ್ಲ ಶಿಸ್ತಾಗಿವೆ, ಲೈಬ್ರರಿ ಮಾತ್ರ ಗೊತ್ತಿಲ್ಲ ಅನ್ನುತ್ತಿದೆ ಅಂದರೆ ರಿಮೋಟಿನ ಭಾಷೆ ಬೇರೆ. ಮೊದಲ ಪಲ್ಸ್ 2400 ಇದ್ದು ಉಳಿದವು 600, 1200 ಅಂತಿದ್ದರೆ ಸೋನಿ. ಎಲ್ಲವೂ 889 ಇಲ್ಲವೇ ಅದರ ಎರಡರಷ್ಟು ಇದ್ದರೆ ಆರ್‌ಸಿ5.

ಎಸಿ ರಿಮೋಟ್ ಹಿಡಿದುಕೊಂಡು ಕೂತವರಿಗೆ ಇದ್ಯಾವುದೂ ಹೊಂದುವುದಿಲ್ಲ. ಟಿವಿ ರಿಮೋಟು ಯಾವ ಬಟನ್ ಒತ್ತಿದರು ಅಂತ ಮಾತ್ರ ಹೇಳುತ್ತದೆ. ಎಸಿಯದ್ದು ಸಾಮಾನ್ಯವಾಗಿ ಪ್ರತಿ ಸಲವೂ ಪೂರ್ತಿ ಕತೆ ಹೇಳುತ್ತದೆ, ಆನ್ ಇದೆ, ಕೂಲ್ ಮೋಡ್, 24 ಡಿಗ್ರಿ, ಫ್ಯಾನ್ ಇಷ್ಟು, ಸ್ವಿಂಗ್ ಹೀಗೆ. ಅದಕ್ಕೇ ಒಂದೇ ಬಟನ್ ಎರಡು ಸಲ ಒತ್ತಿದರೆ ಎರಡು ಕೋಡ್ ಬರುವುದು, ಅದಕ್ಕೇ ಮಾಮೂಲಿ ಬಫರಿನಲ್ಲಿ ಅದು ಹಿಡಿಸದೆ ಅರ್ಧಕ್ಕೆ ಕತ್ತರಿಸಿಹೋಗುವುದು. ಬಫರಿನ ಉದ್ದವನ್ನು ಲೈಬ್ರರಿ ಸೇರಿಸುವ ಸಾಲಿಗಿಂತ ಮೇಲೆ ಬರೆದು ಹೆಚ್ಚಿಸಬೇಕು, ಕೆಳಗೆ ಬರೆದರೆ ಲೆಕ್ಕಕ್ಕೆ ಬರುವುದಿಲ್ಲ. ಉನೊದಲ್ಲಿ ಇರುವುದೇ 2 ಕೆಬಿ ರ್‍ಯಾಮ್, ತೀರಾ ಹೆಚ್ಚಿಸೋಕೂ ಆಗದು. ನಾನಂತೂ ಎಸಿ ಕೆಲಸಕ್ಕೆ ನೇರ ಇಎಸ್‌ಪಿ ಬೋರ್ಡೇ ತಗೊಳ್ಳುತ್ತೇನೆ, ಅದಕ್ಕೆ ಬೇರೆಯೇ ಐಆರ್ ಲೈಬ್ರರಿ ಇದೆ, ಬಹಳ ಎಸಿ ಕಂಪನಿಗಳ ಕೋಡನ್ನು ಬಿಡಿಸಿ 24 ಡಿಗ್ರಿ ಅಂತ ಓದಿ ಹೇಳುತ್ತದೆ.